ಫಿನ್ಲೆಂಡಿನ ಗೂಬೆ ಮತ್ತು ನನ್ನ ‘ಇಲ್ಲೆ’

ಅನಘಾ, ಪ್ರಣವ, ಹೋದ ಭಾನುವಾರ ನೀವಿಬ್ಬರೂ ಹುಬ್ಬಳ್ಳಿಯಿಂದ ಫೋನು ಮಾಡಿ, “ಅಮ್ಮಮ್ಮ, ಫಿನ್ಲೆಂಡ್ ಹೇಗಿತ್ತು?” ಎಂದು ಕೇಳಿದಿರಿ. ನಾನು “ಅಡ್ಡಿಲ್ಲೆ” ಎಂದೆ. ಆಮೇಲೆ ಮೂವರೂ ಸ್ವಲ್ಪ ಹೊತ್ತು ಫೋನಿನೊಳಗಿನ ಗುಂಯ್ ಸದ್ದು ಕೇಳುತ್ತ ಕುಳಿತೆವು. ಅಷ್ಟು ದೂರ ಹೋಗಿ ಬಂದವಳು ಒಂದೇ ಶಬ್ದದಲ್ಲಿ ಪ್ರವಾಸ ಮುಗಿಸಿದಳಲ್ಲ ಎಂದು ನಿಮಗೆ ಅನ್ನಿಸಿರಬೇಕು. ಬಾಯಲ್ಲಿ ಇಲ್ಲದ ಧೈರ್ಯ ನನಗೆ ಪೆನ್ನಿನಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಗು ಬಂದಲ್ಲಿ ನಗಿ. ನೀವು ಎದುರಿಗೆ ಇರುವುದಿಲ್ಲ, ಹಾಗಾಗಿ ನನಗೆ ನಾಚಿಕೆಯಿಲ್ಲ.

ಯಲ್ಲಾಪುರ

ನಿಮ್ಮ ಸಾವಿತ್ರಜ್ಜಿ, ಅಂದರೆ ನನ್ನ ನಾದಿನಿ, ಯಲ್ಲಾಪುರದ ತನ್ನ ಮನೆಯಲ್ಲಿ ಕಾಡು ನೋಡಲು ಬರುವವರಿಗೆ ಕೋಣೆ ಕೊಡುತ್ತಾಳಲ್ಲ, ಚಳಿಗಾಲದಲ್ಲಿ ಅಲ್ಲಿ ಜನ ಜಾಸ್ತಿ. ಆಗ ನಾನು ನಮ್ಮೂರು ಹೆಗಡೆಕಟ್ಟಾದಿಂದ ಹೋಗಿ ಎರಡು ತಿಂಗಳು ಅಡುಗೆಗೆ ನಿಲ್ಲುತ್ತೇನೆ. ಮೈಸೂರಿನ ನಂಜುಂಡಯ್ಯ ಮಾಸ್ತರು ಮಂಗಟ್ಟೆ ಹಕ್ಕಿ ನೋಡಲು ಆರು ವರ್ಷದಿಂದ ಅಲ್ಲಿಗೆ ಬರುತ್ತಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆರು ವರ್ಷವೂ ನನ್ನ ದೋಸೆ ತಿಂದಿದ್ದಾರೆ, ನನ್ನ ಧ್ವನಿಯನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಅವರು ಜಗಲಿಯಲ್ಲಿ, ನಾನು ಅಡುಗೆಮನೆಯ ಬಾಗಿಲ ಹಿಂದೆ. ನಿಮ್ಮ ಅಜ್ಜ ಇದ್ದಾಗ ಹೊರಗಿನವರ ಜೊತೆಗಿನ ಮಾತೆಲ್ಲ ಅವರ ಪಾಲಿಗಿತ್ತು. ಅವರು ತೀರಿಹೋದ ಮೇಲೆ ಆ ಕೆಲಸವನ್ನು ಸಾವಿತ್ರಿ ಯಾರೂ ಹೇಳದೆಯೇ ವಹಿಸಿಕೊಂಡಳು.

ಮಾಸ್ತರಿಗೆ ಒಂದು ಹುಚ್ಚು. ಚಿಕ್ಕಂದಿನಲ್ಲಿ ಯಾವುದೋ ಪುಸ್ತಕದಲ್ಲಿ ಒಂದು ದೊಡ್ಡ ಬೂದು ಗೂಬೆಯ ಚಿತ್ರ ನೋಡಿದ್ದರಂತೆ. ಹಿಮ ಬೀಳುವ ದೇಶದ್ದು, ಹಗಲಿನಲ್ಲೂ ಬೇಟೆಯಾಡುವಂಥದ್ದು. ಅದನ್ನು ಕಣ್ಣಾರೆ ನೋಡಬೇಕೆಂದು ಎರಡು ಸಲ ಫಿನ್ಲೆಂಡಿಗೆ ಹೋಗಿದ್ದರು. ಎರಡು ಸಲವೂ ಗೂಬೆ ಕಾಣದೆ, ಬರೀ ಒಣ ಬ್ರೆಡ್ಡು ತಿಂದು, ಅಂಗಿ ಸಡಿಲವಾಗಿ ಮರಳಿದ್ದರು. ಮೂರನೆಯ ಸಲ ಅಡುಗೆಯವರು ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದು ಅವರ ಮಗಳು ಹಟ ಹಿಡಿದಳಂತೆ. ಅದಕ್ಕೆ ಅವರು ನನ್ನನ್ನು ಕಳಿಸುತ್ತೀರಾ ಎಂದು ಸಾವಿತ್ರಿಯನ್ನು ಕೇಳಿದರು.

ಸಾವಿತ್ರಿ ಒಳಗೆ ಬಂದು ನನ್ನ ಕಿವಿಯಲ್ಲಿ, “ಗೂಬೆ ನೋಡಲೆ ಅಷ್ಟು ದೂರ ಎಂತಕ್ಕೆ ಹೋಗವು ಅತ್ತಿಗೆ? ಮಧ್ಯಾಹ್ನ ಊಟ ಮಾಡಿ ಕೂತಾಗ ಯಮ್ಮನೆಯವ್ರನ್ನ ನೋಡಿದ್ರೆ ಸಾಕಿತ್ತು” ಎಂದಳು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಅವಳು ಜಗಲಿಗೆ ಹೋಗಿ, ಅಲ್ಲಿ ಭಾಷೆ ಬದಲಿಸಿ, “ಅತ್ತಿಗೆ ಬಂದ್ರೆ ನಾನೂ ಬರ್ತೇನೆ ಮಾಸ್ತರೇ!” ಎಂದು ಕೂಗಿದಳು.

“ಕರ್ಕೊಂಡು ಬನ್ನಿ ಸಾವಿತ್ರಮ್ಮ,” ಎಂದರು ಮಾಸ್ತರು. “ನನ್ನ ಬಲಗಣ್ಣು ಆಗ್ಲೇ ಹೋಗಿದೆ. ಎಡಗಣ್ಣಿಗೂ ಡಾಕ್ಟ್ರು ಜಾಸ್ತಿ ದಿನ ಕೊಟ್ಟಿಲ್ಲ. ಗೂಬೆ ದೊಡ್ಡ ಹಕ್ಕಿ ಅಂತ ಇನ್ನೂ ಆಸೆ ಇಟ್ಕೊಂಡಿದೀನಿ. ಗುಬ್ಬಚ್ಚಿ ಆಗಿದ್ದಿದ್ರೆ ಯಾವಾಗ್ಲೋ ಕೈಬಿಟ್ಬಿಡ್ತಿದ್ದೆ ನೋಡಿ.”

ನಗುತ್ತಲೇ ಹೇಳಿದರು. ಬಾಗಿಲ ಹಿಂದೆ ನನ್ನ ಕೈಯಲ್ಲಿದ್ದ ಸೌಟು ನಿಂತಿತು. ನಾನು “ಹೂಂ” ಎಂದೆ. ಸಾವಿತ್ರಿಯ ಕಿವಿ ಚುರುಕು, ಅವಳಿಗೆ ಕೇಳಿಸಿತು.

ವಿಮಾನ ಇಳಿದ ಊರು

ವಿಮಾನದ ವಿಷಯ ಬರೆಯುವುದಿಲ್ಲ. ಉದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ. ಹೆಲ್ಸಿಂಕಿಯಲ್ಲಿ ಇಳಿದಾಗ ಒಬ್ಬ ಎತ್ತರದ ಅಧಿಕಾರಿ ನನ್ನ ಚೀಲ ತೆರೆದ. ಹಪ್ಪಳವನ್ನು ತಟ್ಟಿ ನೋಡಿದ. ಅಪ್ಪೆಮಿಡಿಯ ಡಬ್ಬಿ ಮೂಸಿ ಮುಚ್ಚಳ ಹಾಕಿ ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಅವನ ಕೈಗೆ ತೊಡದೇವಿನ ಕಟ್ಟು ಸಿಕ್ಕಿತು.

ಅಕ್ಕಿಹಿಟ್ಟು, ಕಬ್ಬಿನ ಹಾಲಿನ ತೊಡದೇವು ಎಷ್ಟು ತೆಳ್ಳಗಿರುತ್ತದೆಂದು ನಿಮಗೆ ಗೊತ್ತು. ಕಾಗದದಂತೆ ಮಡಿಸಿ ಇಟ್ಟಿದ್ದೆ. ಅವನು ಒಂದನ್ನು ಮೆಲ್ಲಗೆ ಬಿಡಿಸಿ ಬೆಳಕಿಗೆ ಹಿಡಿದ. ತಿರುಗಿಸಿ ಹಿಡಿದ. ಯಾವುದೋ ಹಳೆಯ ದಾಖಲೆ ಇರಬೇಕು, ಅಕ್ಷರ ಮಾಸಿಹೋಗಿದೆ ಎಂದುಕೊಂಡನೋ ಏನೋ, ಪಕ್ಕದ ಅಧಿಕಾರಿಣಿಯನ್ನು ಕರೆದ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಸಾವಿತ್ರಿ ವಿವರಿಸಲು ಹೊರಟಳು, ಆದರೆ ತೊಡದೇವಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಮಾಸ್ತರಿಗೂ ತಿಳಿಯಲಿಲ್ಲ. ನಾನು ಕೈ ಚಾಚಿ, ಅವನ ಕೈಯಲ್ಲಿದ್ದ ದಾಖಲೆಯ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ಇಬ್ಬರೂ ಬೆಚ್ಚಿಬಿದ್ದರು. ಆಮೇಲೆ ಅವನೂ ಒಂದು ಮೂಲೆ ಮುರಿದ. ಅವಳೂ ಮುರಿದಳು. ದಾಖಲೆ ಮುಗಿಯಿತು. ನಮ್ಮನ್ನು ಬಿಟ್ಟರು.

ಮರದ ಮನೆ

ಅಲ್ಲಿಂದ ಇಡೀ ದಿನ ಕಾರಿನಲ್ಲಿ ಹೋದೆವು. ನಮ್ಮೂರಿಗೆ ಬರುವ ದಾರಿಯಲ್ಲಿ ಎಕ್ಕಂಬಿ ದಾಟಿದ ಮೇಲಿನ ಕಾಡನ್ನು ಹಿಡಿದು ಎಳೆದು ಇನ್ನೂರು ಪಟ್ಟು ಉದ್ದ ಮಾಡಿದರೆ ಹೇಗೋ ಹಾಗೆ, ಮುಗಿಯದ ಕಾಡು. ಕೊನೆಗೆ ಒಂದು ಕೆರೆ, ಕೆರೆಯ ದಂಡೆಗೆ ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿ ಕಟ್ಟಿದ ಮನೆ. ಅದರ ಯಜಮಾನತಿ ಐನೋ ಬಾಗಿಲಲ್ಲಿ ನಿಂತಿದ್ದಳು. ವಯಸ್ಸು ನನ್ನಷ್ಟೇ, ಎತ್ತರ ನನ್ನ ಒಂದೂವರೆ ಪಟ್ಟು. ಅವಳಿಗೆ ಮಾಸ್ತರ ಜೊತೆ ಮಾತಾಡುವಷ್ಟು ಇಂಗ್ಲಿಷ್ ಗೊತ್ತು, ಆದರೆ ಯಾರ ಜೊತೆಯೂ ಮಾತಾಡುವ ಆಸೆ ಇದ್ದಂತೆ ಕಾಣಲಿಲ್ಲ. ನನಗೆ ಅವಳು ನೋಡಿದ ಕೂಡಲೇ ಇಷ್ಟವಾದಳು.

ಪಾಯಿಖಾನೆ ಮನೆಯಿಂದ ದೂರ, ಮರಗಳ ನಡುವೆ ಇತ್ತು. ಅದನ್ನು ನೋಡಿ ಸಾವಿತ್ರಿ ಸೊಂಟಕ್ಕೆ ಕೈ ಇಟ್ಟುಕೊಂಡಳು. “ಇಷ್ಟು ದೂರ ಬಂದು ಮತ್ತೆ ಹಿತ್ಲಿಗೆ ಹೋಪ್ದಾ! ಇದನ್ನ ಬಿಟ್ಟು ಮೂವತ್ತು ವರ್ಷ ಆಗಿತ್ತಲೇ!”

ಐನೋ ‘ಹೌದು’ ಎನ್ನಬೇಕಾದರೆ ಉಸಿರನ್ನು ಒಳಗೆ ಎಳೆದುಕೊಂಡು “ಯೋ” ಎನ್ನುತ್ತಾಳೆ. ಮೊದಲ ಸಲ ಕೇಳಿದಾಗ ಬಿಕ್ಕಳಿಕೆ ಎಂದುಕೊಂಡು ನೀರು ಕೊಟ್ಟೆ. ಅವಳು ಕುಡಿದಳು. ಮತ್ತೆ “ಯೋ” ಎಂದಳು. ಮತ್ತೆ ನೀರು ಕೊಟ್ಟೆ. ನಾಲ್ಕನೆಯ ಲೋಟದ ಹೊತ್ತಿಗೆ ಮಾಸ್ತರು ಬಂದು ಬಿಡಿಸಿದರು.

ಸಾವಿತ್ರಿಯದು ಇನ್ನೂ ಮಜ. ಅವಳು ಎಲ್ಲರನ್ನೂ ಕರೆಯುವುದು “ಏಯ್” ಎಂದೇ. “ಏಯ್ ಐನೋ, ಚಾ ಕುಡಿತ್ಯಾ?” ಎಂದಳು. ಐನೋ ಎತ್ತಿದ ಲೋಟ ಕೆಳಗಿಟ್ಟಳು. “ಏಯ್ ಐನೋ, ಬಾ ಇಲ್ಲಿ.” ಐನೋ ಇದ್ದಲ್ಲೇ ನಿಂತಳು. “ಏಯ್ ಐನೋ, ಕೂತ್ಕ!” ಐನೋ ಎದ್ದು ಹೊರಗೇ ಹೋದಳು. ಸಂಜೆ ಅವಳು ಮಾಸ್ತರನ್ನು ಪಕ್ಕಕ್ಕೆ ಕರೆದು ಏನೋ ಕೇಳಿದಳು. ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಸಾವಿತ್ರಮ್ಮ, ಇವರ ಭಾಷೇಲಿ ‘ಏಯ್’ ಅಂದ್ರೆ ‘ಬೇಡ, ಇಲ್ಲ’ ಅಂತ. ನನ್ನ ಮನೇಲೇ ನನಗೆ ಇವರು ಯಾಕೆ ಎಲ್ಲದಕ್ಕೂ ಬೇಡ ಅಂತಾರೆ ಅಂತ ಕೇಳ್ತಿದಾರೆ.”

“ಅಯ್ಯೋ ದೇವ್ರೇ! ಹಾಗಾದ್ರೆ ಇವಳನ್ನು ಕರೆಯುವುದು ಹೇಗೆ?”

ಮಾಸ್ತರು ಕೇಳಿ ಹೇಳಿದರು: “ಕರೀಬೇಡಿ ಅಂತಾರೆ. ಬೇಕಾದಾಗ ತಾವೇ ಬರ್ತಾರಂತೆ.”

ಒಂದು ಶಬ್ದ ಎರಡು ದೇಶಗಳಲ್ಲಿ ಎರಡು ಅರ್ಥ ಕೊಡುವ ವಿಚಿತ್ರದ ಬಗ್ಗೆ ಮಾಸ್ತರು ಆ ದಿನ ಊಟದ ತುದಿಯವರೆಗೂ ಪಾಠ ಮಾಡಿದರು. ನಾವೆಲ್ಲ ತಲೆದೂಗಿದೆವು. ನಮ್ಮ ಗ್ರಹಚಾರ ಅದರಲ್ಲೇ ಇದೆಯೆಂದು ಯಾರಿಗೂ ಹೊಳೆಯಲಿಲ್ಲ.

ಸಂಡಿಗೆ

ಜುಲೈ ತಿಂಗಳು. ನಮ್ಮಲ್ಲಿ ಪುನರ್ವಸು ಮಳೆ ಹಿಡಿದು ಸೌದೆಯೂ ಒಣಗದ ಹೊತ್ತು. ಅಲ್ಲಿ ನೋಡಿದರೆ ಸೂರ್ಯ ಮುಳುಗುವ ಶಾಸ್ತ್ರ ಮಾಡಿ ಮತ್ತೆ ಎದ್ದು ಬರುತ್ತಾನೆ. ಇಷ್ಟೊಂದು ಬಿಸಿಲು ಹಾಳಾಗುವುದನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಎರಡನೆಯ ದಿನವೇ ಅಕ್ಕಿಹಿಟ್ಟು ಕಾಸಿ, ಜೀರಿಗೆ ಹಾಕಿ, ಅಂಗಳದ ನಡುವೆ ಹಲಗೆಯ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಟ್ಟೆ.

ಮಾಸ್ತರು ಹಕ್ಕಿ ಹುಡುಕಿಕೊಂಡು ಕಾಡಿಗೆ ಹೋದರು. ಹಕ್ಕಿಗಳು ನನ್ನ ಸಂಡಿಗೆ ಹುಡುಕಿಕೊಂಡು ಅಂಗಳಕ್ಕೆ ಬಂದವು. ಕಾಗೆಯ ದಾಯಾದಿಯಂಥ ಕಂದು ಬಣ್ಣದ, ಕೆಂಪು ಬಾಲದ ಹಕ್ಕಿಗಳು ನಾಲ್ಕು. ಅವಕ್ಕೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಒಂದು ಹಕ್ಕಿ ಕಿಟಕಿಯಲ್ಲಿ ಕುಳಿತು, ನಾನು ದೋಸೆ ಮಗುಚುವುದನ್ನು ಎರಡೂ ಕಣ್ಣಿನಿಂದ ಸರದಿಯಂತೆ ನೋಡಿ, ದೋಸೆಯ ಅಂಚು ಹರಿದುಕೊಂಡು ಹೋಯಿತು. ಕಿವಿಯ ತುದಿಯಲ್ಲಿ ಜುಟ್ಟಿರುವ ಕೆಂಪು ಅಳಿಲೊಂದು ಬಂದು ಒಂದೊಂದೇ ಸಂಡಿಗೆಯನ್ನು ತಿರುಗಿಸಿ ನೋಡಿ, ಒಣಗದ್ದನ್ನು ಅಲ್ಲೇ ಇಟ್ಟು, ಒಣಗಿದ್ದನ್ನು ಮಾತ್ರ ಒಯ್ದಿತು. ಅಷ್ಟು ಚೆನ್ನಾಗಿ ಆರಿಸಲು ಸಾವಿತ್ರಿಗೂ ಬರುವುದಿಲ್ಲ. ಕೆರೆಯಾಚೆ ಎರಡು ಕೊಕ್ಕರೆಗಳು ಗಂಡ ಹೆಂಡತಿಯ ಹಾಗೆ ಹಿಂದೆ ಮುಂದೆ ನಡೆಯುತ್ತಿದ್ದವು, ಹೆಂಡತಿ ಮುಂದೆ. ಕಡವೆಗಿಂತ ದೊಡ್ಡದಾದ, ಮೂತಿ ಊದಿದ ಪ್ರಾಣಿಯೊಂದು ನೀರಿನಲ್ಲಿ ಹೊಟ್ಟೆಯ ತನಕ ನಿಂತು, ಏನನ್ನೋ ಮರೆತು ಬಂದ ಹಾಗೆ ಅರ್ಧ ಗಂಟೆ ಯೋಚಿಸಿ ಹೋಯಿತು.

ಐನೋ ಬಂದು ಪಕ್ಕದಲ್ಲಿ ಕುಳಿತು ಬಟಾಣಿ ಸುಲಿದಳು. ನಾನೂ ಸುಲಿದೆ. ಒಂದು ಗಂಟೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಎದ್ದು ಹೋಗುವಾಗ ಅವಳು “ಯೋ” ಎಂದಳು. ಅಂಥ ಒಳ್ಳೆಯ ಮಾತುಕತೆ ನಾನು ಬಹಳ ದಿನದಿಂದ ಆಡಿರಲಿಲ್ಲ.

ವಾಕಿಟಾಕಿ

ಆ ಗೂಬೆ ಎರಡು ಕಡೆ ಕಾಣಿಸುತ್ತದೆಂದು ಐನೋ ಹೇಳಿದ್ದಳು. ಒಂದು, ಕಾಡಿನಾಚೆಯ ಜೌಗಿನ ಅಂಚು. ಅಲ್ಲಿ ಅಡಗಿ ಕುಳಿತು ನೋಡಲು ಮರದ ಗೂಡೊಂದಿತ್ತು. ಇನ್ನೊಂದು, ನಾನಿದ್ದ ಅಡುಗೆಮನೆಯ ಕಿಟಕಿಯ ಎದುರಿನ ಬಯಲು. ಮಾಸ್ತರು ಗೂಡಿನಲ್ಲಿ ಕುಳಿತರೆ ಬಯಲು ಕಾಯುವವರು ಯಾರು? ಫೋನು ಅಲ್ಲಿ ಹಿಡಿಯುವುದಿಲ್ಲ. ಐನೋ ಎರಡು ವಾಕಿಟಾಕಿ ಕೊಟ್ಟಳು. ಗುಂಡಿ ಒತ್ತಿದರೆ ನಮ್ಮ ಮಾತು ಆಚೆಗೆ ಹೋಗುತ್ತದೆ, ಬಿಟ್ಟರೆ ಆಚೆಯವರ ಮಾತು ನಮಗೆ ಕೇಳುತ್ತದೆ. ಸಾವಿತ್ರಿಗೆ ಕೊಡೋಣವೆಂದರೆ ಅವಳು ಗುಂಡಿ ಒತ್ತಿದ ಮೇಲೆ ಬಿಡುವುದೇ ಇಲ್ಲ. ಹಾಗಾಗಿ ಅದು ನನ್ನ ಪಾಲಿಗೆ ಬಂತು.

ಅಪರಿಚಿತರ ಜೊತೆ ಮಾತಾಡುವಾಗ ನಮ್ಮ ಕಡೆಯವರೆಲ್ಲ ಭಾಷೆ ಬದಲಿಸುತ್ತಾರೆ. ಸಾವಿತ್ರಿ ಜಗಲಿಯಲ್ಲಿ ಮಾಡಿದ್ದು ಅದನ್ನೇ. ನನಗೆ ಅದು ಅಭ್ಯಾಸವಿಲ್ಲ. ಗಾಬರಿಯಾದರಂತೂ ಬಾಯಿಗೆ ಬರುವುದು ಮನೆಮಾತು ಮಾತ್ರ. ನಮ್ಮ ಮನೆಮಾತಿನಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’ ಎಂದು ನಿಮಗೆ ಗೊತ್ತು. ಮೈಸೂರಿನವರಿಗೆ ‘ಇಲ್ಲೇ’ ಎಂದರೆ ಏನೆಂದು ನೀವೇ ಯೋಚಿಸಿ.

ಮೊದಲ ಬೆಳಿಗ್ಗೆ ಪೆಟ್ಟಿಗೆ ಗರಗರ ಎಂದಿತು. “ಅಮ್ಮಾ, ಗೂಬೆ ಇದೆಯಾ?”

ಬಯಲಿನಲ್ಲಿ ಒಂದು ಚಿಟ್ಟೆ ಬಿಟ್ಟರೆ ಏನೂ ಇರಲಿಲ್ಲ. ನಾನು ಗುಂಡಿ ಒತ್ತಿ, ಜೀವ ಬಿಗಿಹಿಡಿದು, “ಇಲ್ಲೆ” ಎಂದೆ.

“ಬಂದೆ! ಬಂದೆ!”

ಹದಿನೈದು ನಿಮಿಷದಲ್ಲಿ ಮಾಸ್ತರು ಏದುಸಿರು ಬಿಡುತ್ತ ಅಂಗಳದಲ್ಲಿ ನಿಂತಿದ್ದರು. ಮೊಣಕಾಲಿನ ತನಕ ಕೆಸರು. “ಎಲ್ಲಿ?” ಎಂದರು. ನಾನು ತಲೆಯಲ್ಲಾಡಿಸಿದೆ. “ಛೇ! ತಪ್ಪಿಸ್ಕೊಂತು,” ಎಂದು ಹಣೆ ಚಚ್ಚಿಕೊಂಡರು. ಇಲ್ಲ ಎಂದು ಹೇಳಿದ ಮೇಲೂ ಈ ಪ್ರಾಯದವರು ಹೀಗೆ ಓಡಿ ಬಂದದ್ದು ಯಾಕೆ? ಹಸಿವಿರಬೇಕು, ಬಾಯಿ ಬಿಟ್ಟು ಕೇಳಲು ಸಂಕೋಚ, ನನ್ನ ಹಾಗೆಯೇ, ಎಂದುಕೊಂಡೆ. ಎರಡು ದೋಸೆ ಹಾಕಿ ಕೊಟ್ಟೆ. ನಾನು ಅವರನ್ನು ಸಮಾಧಾನಪಡಿಸುತ್ತಿದ್ದೇನೆಂದು ಅವರು ತಿಳಿದರು. ಕಣ್ಣು ಒದ್ದೆ ಮಾಡಿಕೊಂಡು ತಿಂದು ಹೋದರು.

ಮತ್ತೆ ಹನ್ನೊಂದಕ್ಕೆ, “ಇದೆಯಾ?” “ಇಲ್ಲೆ.” “ಬಂದೆ!” ಈ ಸಲ ಅವಲಕ್ಕಿ ಕೊಟ್ಟೆ. ಮೂರಕ್ಕೆ ಮತ್ತೆ ಓಡಿ ಬಂದರು, ಒಂದು ಕಾಲಿನ ಬೂಟು ಜೌಗಿನಲ್ಲೇ ಉಳಿದಿತ್ತು. ಇಷ್ಟು ಹಸಿವಿರುವವರಿಗೆ ದೋಸೆ ಎಲ್ಲಿ ಸಾಕಾಗುತ್ತದೆಂದು ಮರುದಿನ ಉಪ್ಪಿಟ್ಟನ್ನೂ ಮಾಡಿಟ್ಟೆ. ಅವತ್ತು ನಾಲ್ಕು ಸಲ ಬಂದರು.

ಅದರ ಮರುದಿನ ನಾನು ಸಾವಿತ್ರಿಗೆ ಮೆಲ್ಲಗೆ ಹೇಳಿದೆ: “ಮಾಸ್ತರಿಗೆ ಎಂತೋ ಹೊಟ್ಟೆಯ ಕಾಯಿಲೆ ಇದ್ದು. ಎಷ್ಟು ಹಾಕಿದ್ರೂ ಸಾಕಾಗ್ತಿಲ್ಲೆ.”

ಅವಳು ಹೊರಗೆ ಹೋಗುತ್ತಲೇ ಮಾಸ್ತರು ಅವಳಿಗೆ ತಮ್ಮ ಟಿಪ್ಪಣಿ ಪುಸ್ತಕ ತೋರಿಸಿದರು. “ನಿಮ್ಮ ಅತ್ತಿಗೆ ಭಾಗ್ಯವಂತೆ ಸಾವಿತ್ರಮ್ಮ. ಎರಡು ದಿನದಲ್ಲಿ ಏಳು ಸಲ ನೋಡಿದಾರೆ! ನಾನು ಬರೋಷ್ಟರಲ್ಲಿ ಹಾರಿಹೋಗಿರುತ್ತೆ. ನನ್ನ ಹಣೆಬರಹ.”

ಸಾವಿತ್ರಿ ಒಂದು ಗಳಿಗೆ ಅವರನ್ನು ನೋಡಿದಳು, ಕಿಟಕಿಯಲ್ಲಿದ್ದ ನನ್ನನ್ನು ನೋಡಿದಳು. ಆಮೇಲೆ ಅಂಗಳದಲ್ಲೇ ಕುಸಿದು ಕುಳಿತು, ಸಂಡಿಗೆಯ ಹಲಗೆ ಹಿಡಿದುಕೊಂಡು, ಕೆರೆಯಾಚೆಯ ಕೊಕ್ಕರೆಗಳು ಹಾರಿಹೋಗುವಂತೆ ನಕ್ಕಳು. “ಅಯ್ಯೋ ಅತ್ತಿಗೆ! ನೀನು ಇಲ್ಲೆ ಹೇಳಿದ್ದಕ್ಕೇ ಅವ್ರು ಓಡಿ ಬಂದಿದ್ದು!”

ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನಮ್ಮ ‘ಇಲ್ಲೆ’ ಎಂದರೆ ‘ಇಲ್ಲ’ ಎಂದು ಸಾವಿತ್ರಿ ಬಿಡಿಸಿ ಹೇಳಿದ ಮೇಲೆ ಮಾಸ್ತರೂ ನಕ್ಕರು. ಏಳು ಗುರುತುಗಳ ಮೇಲೂ ಒಂದೊಂದೇ ಗೀಟು ಎಳೆದರು.

ಆ ನಗು ಮಧ್ಯಾಹ್ನದ ತನಕ ಉಳಿಯಲಿಲ್ಲ. ಗೂ‌ಡಿನ ಎದುರಿನ ಮರಕ್ಕೆ ಐನೋ ಒಂದು ಕ್ಯಾಮೆರಾ ಕಟ್ಟಿದ್ದಳು, ಯಾವುದಾದರೂ ಪ್ರಾಣಿ ಅಲುಗಾಡಿದರೆ ತಾನೇ ಚಿತ್ರ ತೆಗೆಯುವಂಥದ್ದು. ಆ ಚಿತ್ರಗಳನ್ನು ತಂದು ತೋರಿಸಿದಳು. ಹಿಂದಿನ ದಿನ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಮಾಸ್ತರ ಖಾಲಿ ಗೂಡಿನ ಮಾಡಿನ ಮೇಲೆ, ಬೂದು ಗೂಬೆ ಕುಳಿತಿತ್ತು. ಹತ್ತೂ ಇಪ್ಪತ್ತಕ್ಕೆ ಮಾಸ್ತರು ನನ್ನ ಎದುರಿಗೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದರು.

ಮಾಸ್ತರು ಚಿತ್ರವನ್ನು ಎಡಗಣ್ಣಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಅದರಲ್ಲಿ ಗೂಬೆಯ ಬೆನ್ನು ಮಾತ್ರ ಕಾಣುತ್ತಿತ್ತು. “ಉಪ್ಪಿಟ್ಟು ಚೆನ್ನಾಗಿತ್ತಮ್ಮ,” ಎಂದರು. ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಉಳಿದದ್ದು ಒಂದೇ ದಿನ.

ಕೊನೆಯ ದಿನ

ಬೆಳಿಗ್ಗೆ ಹೊರಡುವಾಗ ಮಾಸ್ತರು, “ಇವತ್ತು ನಾನು ಗೂಡು ಬಿಟ್ಟು ಕದಲಲ್ಲ. ನೀವು ‘ಇದೆ’ ಅಂದ್ರೆ ಮಾತ್ರ ಬರ್ತೀನಿ. ಗೊತ್ತಾಯ್ತಲ್ಲಮ್ಮ? ಇದೆ,” ಎಂದರು. ನಾನು ಹೂಂ ಎಂದು ತಲೆದೂಗಿದೆ. ಚಪಾತಿ ಲಟ್ಟಿಸುತ್ತ ಲಟ್ಟಣಿಗೆ ಮುಂದೆ ಹೋದಾಗ ‘ಇದೆ’, ಹಿಂದೆ ಬಂದಾಗ ‘ಇಲ್ಲ’ ಎಂದು ನೂರು ಸಲ ಹೇಳಿಕೊಂಡೆ. ಸಾವಿತ್ರಿ ಕೆರೆ ದಂಡೆಯ ಬಿಸಿ ಹಬೆಯ ಕೋಣೆಗೆ ಮೈ ಬೆವರಿಸಲು ಹೋದಳು. ನಮ್ಮ ಬಚ್ಚಲಿನಲ್ಲಿ ಹಂಡೆಯ ಒಳಗೇ ಕುಳಿತರೆ ಹೇಗೋ ಅಷ್ಟು ಸೆಕೆ ಅಲ್ಲಿ. ಐನೋ ದೋಣಿಯಲ್ಲಿ ಎಲ್ಲಿಗೋ ಹೋಗಿದ್ದಳು.

ಸುಮಾರು ಹನ್ನೊಂದು ಗಂಟೆಗೆ ಕಿಟಕಿಯಾಚೆ ನೋಡಿದೆ. ಸಂಡಿಗೆಯ ಹಲಗೆಯ ಹತ್ತಿರದ ಕಂಬಕ್ಕೆ ಯಾರೋ ಬೂದು ಕಂಬಳಿ ಹೊದಿಸಿ ಹೋಗಿದ್ದರು. ಬಿಸಿಲಿಗೆ ಹಾಕಿರಬೇಕು ಎಂದುಕೊಂಡು ಇನ್ನೊಂದು ಚಪಾತಿ ಲಟ್ಟಿಸಿದೆ. ಮತ್ತೆ ನೋಡಿದಾಗ ಕಂಬಳಿ ತಲೆ ತಿರುಗಿಸಿ ನನ್ನನ್ನೇ ನೋಡಿತು.

ಗೂಬೆ! ಸಂಡಿಗೆಯ ಚೂರಿಗೆ ಇಲಿಗಳು ಬರುತ್ತಿದ್ದವು, ಇಲಿಗಳಿಗಾಗಿ ಅದು ಬಂದಿತ್ತು. ಪೆಟ್ಟಿಗೆ ಎತ್ತಿಕೊಂಡು ಗುಂಡಿ ಒತ್ತಿದೆ. ಬಾಯಿಂದ ಬಂದದ್ದು: “ಇದ್ದು!”

“ಏನಮ್ಮಾ?”

“ಇದ್ದು! ಇದ್ದು!”

“ಇದ್ದು...?” ಮಾಸ್ತರು ವಾಕ್ಯ ಮುಗಿಯಲೆಂದು ಕಾದರು. “ಇದ್ದು, ಏನಾಯ್ತಮ್ಮಾ? ಹಾರಿಹೋಯ್ತಾ?”

“ಇಲ್ಲೆ! ಇದ್ದು!”

“ಇಲ್ಲೇ ಇದ್ದು? ಇಲ್ಲೇ ಇದ್ದು ಎಲ್ಲಿಗೆ ಹೋಯ್ತು?”

ಅವರ ಕನ್ನಡದಲ್ಲಿ ‘ಇದ್ದು’ ಎಂದರೆ ಇನ್ನೂ ಮುಗಿಯದ ಮಾತು. ನನ್ನದರಲ್ಲಿ ಅದಕ್ಕೆ ‘ಇದೆ’ ಎಂದೇ ಅರ್ಥ, ಅದಕ್ಕಿಂತ ಹೆಚ್ಚಿಗೆ ಹೇಳುವುದಕ್ಕೇ ಇಲ್ಲ. ನೂರು ಸಲ ಲಟ್ಟಿಸಿದ ಆ ಇನ್ನೊಂದು ಶಬ್ದ ಎಲ್ಲಿ ಹೋಯಿತೆಂದು ತಲೆಯೆಲ್ಲ ಹುಡುಕಿದರೂ ಸಿಗಲಿಲ್ಲ. ಕೂಗಿ ಸಾವಿತ್ರಿಯನ್ನು ಕರೆಯೋಣವೆಂದರೆ ಗೂಬೆ ಹಾರುತ್ತದೆ. ಹಾರಿದರೆ ಮಾಸ್ತರ ಕಣ್ಣು ಇನ್ನೊಂದು ವರ್ಷ ಕಾಯುವುದಿಲ್ಲ.

ಆಗ ಎದುರಿಗಿದ್ದ ಹಿಟ್ಟು ಕಂಡಿತು. ಚಪಾತಿ ಹಲಗೆಯ ಮೇಲೆ ತೆಳ್ಳಗೆ ಹರಡಿತ್ತು. ನಾನು ಬೆರಳಿನಿಂದ ಅದರಲ್ಲಿ ಬರೆದೆ: ಗೂಬೆ ಇದೆ. ಬರೆಯುವಾಗ ತಪ್ಪಲಿಲ್ಲ. ಬರೆದದ್ದರ ಮೇಲೆ ಕಣ್ಣಿಟ್ಟು, ಗುಂಡಿ ಒತ್ತಿ ಓದಿದೆ. ನಾನು ಓದಿದ್ದು ಸಿದ್ದಾಪುರದ ಕಡೆಯ ಹಳ್ಳಿಯ ಶಾಲೆಯಲ್ಲಿ, ಏಳನೇ ಇಯತ್ತೆಯ ತನಕ. ಅಲ್ಲಿ ಪಾಠವನ್ನು ಗಟ್ಟಿಯಾಗಿ ಓದಲು ಒಂದು ರಾಗವಿತ್ತು. ಅದೇ ರಾಗ ಬಂತು.

“ಗೂ-ಬೆ ಇ-ದೆ. ಅದು ಕಂಬದ ಮೇಲೆ ಕುಳಿತಿದೆ. ಅದು ನನ್ನನ್ನು ನೋಡುತ್ತಿದೆ. ನಾನು ಅದನ್ನು ನೋಡುತ್ತಿದ್ದೇನೆ.”

ರಾಗ ಸಿಕ್ಕಿದ ಮೇಲೆ ಮಾತು ನಿಲ್ಲಲಿಲ್ಲ. ಪೆಟ್ಟಿಗೆಯನ್ನು ಬಾಯಿಯ ಹತ್ತಿರ ಹಿಡಿದು ಪಿಸುದನಿಯಲ್ಲಿ ಓದುತ್ತಲೇ ಹೋದೆ, ಎದುರಿಗೆ ಪುಸ್ತಕವಿಲ್ಲದೆ. “ಅದರ ಉಗುರು ಕಾಣುವುದಿಲ್ಲ. ಕಾಲಿಗೆ ಉಣ್ಣೆಯ ಪಾಯಿಜಾಮ ಹಾಕಿದಂತೆ ಇದೆ. ಅಳಿಲು ಬಂದಿತು. ಗೂಬೆಯನ್ನು ನೋಡಿತು. ಅಳಿಲು ಹೋಯಿತು. ಸಂಡಿಗೆ ತೆಗೆದುಕೊಳ್ಳಲಿಲ್ಲ.”

ಸುಮಾರು ಹೊತ್ತಿನ ಮೇಲೆ ಕಾಡಿನ ಅಂಚಿನಲ್ಲಿ ಮಾಸ್ತರು ಕಾಣಿಸಿದರು. ಓಡುತ್ತಿರಲಿಲ್ಲ. ಪೆಟ್ಟಿಗೆ ಕಿವಿಗೊತ್ತಿಕೊಂಡು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಐನೋಳ ಗಂಡನ ಹಳೆಯ ಚಪ್ಪಲಿ, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಬಿಳಿ ತೊಗಟೆಯ ಮರವೊಂದನ್ನು ಹಿಡಿದು, ಗೂಬೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತರು. ದುರ್ಬೀನು ಎತ್ತಿದರು, ಇಳಿಸಿದರು. ಒರೆಸಿ ಮತ್ತೆ ಎತ್ತಿದರು, ಮತ್ತೆ ಇಳಿಸಿದರು. ನನ್ನ ಕಡೆ ತಿರುಗಿ ತಮ್ಮ ಮುಖದ ಸುತ್ತ ಬೆರಳಿನಿಂದ ಒಂದು ಸುತ್ತು ಬರೆದು, ಅಂಗೈ ಅಲ್ಲಾಡಿಸಿದರು. ಮುಖ ಕಾಣುತ್ತಿಲ್ಲ ಎಂದು ಅರ್ಥ. ಬೂದು ಬಣ್ಣದ ಒಂದು ಮುದ್ದೆ ಮಾತ್ರ ಅವರಿಗೆ ಕಾಣುತ್ತಿತ್ತು.

“ಅದರ ಮುಖ ದುಂಡಗಿದೆ,” ಎಂದು ಓದಿದೆ. “ಬಾವಿಗೆ ಕಲ್ಲು ಹಾಕಿದರೆ ನೀರಿನಲ್ಲಿ ಉಂಗುರದ ಹೊರಗೆ ಉಂಗುರ ಏಳುತ್ತದೆ. ಹಾಗೆ ಎರಡು ಕಣ್ಣಿನ ಸುತ್ತಲೂ ಉಂಗುರ. ಕಣ್ಣು ಹಳದಿ, ಸಣ್ಣದು. ಎರಡು ಕಣ್ಣಿನ ನಡುವೆ ಬಿಳಿ ಹುಬ್ಬು, ಒಂದಕ್ಕೊಂದು ಬೆನ್ನು ಮಾಡಿ ನಿಂತ ಎರಡು ಚಂದ್ರರ ಹಾಗೆ. ಗದ್ದದ ಕೆಳಗೆ ಬಿಳಿ ಗೀಟು. ಅದಕ್ಕೆ...” ಇಲ್ಲಿ ನನಗೆ ಪಾಠದ ಮಾತು ಸಾಲಲಿಲ್ಲ. “ಅದಕ್ಕೆ ಬಹಳ ಸಿಟ್ಟು ಬಂದಿದೆ, ಆದರೆ ಹೇಳುವುದಿಲ್ಲ. ನಮ್ಮೂರಿನ ಭಟ್ಟರು ಊಟಕ್ಕೆ ಕುಳಿತಾಗ, ಪಾಯಸ ಬಡಿಸುವವನು ಅವರ ಎಲೆ ಬಿಟ್ಟು ಮುಂದಿನ ಎಲೆಗೆ ಹೋದರೆ, ಭಟ್ಟರು ಹೇಗೆ ನೋಡುತ್ತಾರೋ, ಅದು ಹಾಗೆ ನೋಡುತ್ತಿದೆ.”

ಮಾಸ್ತರ ಹೆಗಲು ಕುಲುಕಿತು. ಮರ ಅಪ್ಪಿಕೊಂಡು, ಬಾಯಿಗೆ ಟೊಪ್ಪಿಗೆ ಒತ್ತಿಕೊಂಡು, ಶಬ್ದ ಬಾರದಂತೆ ನಗುತ್ತಿದ್ದರು. ಗೂಬೆಗೆ ಅದು ಕೇಳಿಸಿರಬೇಕು. ತಲೆಯನ್ನು ಪೂರ್ತಿ ತಿರುಗಿಸಿ ಅವರನ್ನು ನೋಡಿತು. ಅವರು ನಗು ನಿಲ್ಲಿಸಿದರು. ಎಷ್ಟು ಹೊತ್ತು ಹಾಗೆ ಇಬ್ಬರೂ ನೋಡಿಕೊಂಡರೋ. ಆಮೇಲೆ ಅದು ಕಂಬ ಬಿಟ್ಟು, ದೊಡ್ಡ ಛತ್ರಿ ಬಿಚ್ಚಿದಂತೆ ರೆಕ್ಕೆ ಬಿಚ್ಚಿ, ನೇರ ಅವರ ಕಡೆಗೇ ಬಂತು. ಒಂದಿಷ್ಟೂ ಸದ್ದಿಲ್ಲ. ಅವರ ತಲೆಯ ಮೇಲೆ ಒಂದಾಳಿನ ಎತ್ತರದಲ್ಲಿ ಹಾದುಹೋಯಿತು. ಮಾಸ್ತರು ಕತ್ತು ಹಿಂದಕ್ಕೆ ಚಾಚುತ್ತ ಚಾಚುತ್ತ ಹುಲ್ಲಿನ ಮೇಲೆ ಅಂಗಾತ ಬಿದ್ದರು. ಎದ್ದೇಳಲಿಲ್ಲ. ಹಾಗೇ ಮಲಗಿ ಆಕಾಶ ನೋಡುತ್ತಿದ್ದರು.

ಸಾವಿತ್ರಿ ಹಬೆಯ ಕೋಣೆಯಿಂದ ಬೀಟ್‌ರೂಟಿನ ಬಣ್ಣವಾಗಿ ಹೊರಬಂದಳು. “ಅಯ್ಯಯ್ಯೋ! ಮಾಸ್ತರಿಗೆ ಎಂತ ಆತು ಅತ್ತಿಗೆ?”

“ಎಂತೂ ಆಗ್ಲಿಲ್ಲೆ,” ಎಂದೆ. ಆಗಲೇ ನೋಡಿದ್ದು, ನನ್ನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಪೆಟ್ಟಿಗೆಯ ದೀಪ ಆರಿತ್ತು. ನಾನು ಮಾತಾಡಿ ಮಾತಾಡಿ ಅದರ ಬ್ಯಾಟರಿ ಮುಗಿಸಿಬಿಟ್ಟಿದ್ದೆ. ಇದನ್ನು ಸಾವಿತ್ರಿ ಇವತ್ತಿಗೂ ನಂಬುವುದಿಲ್ಲ.

ಮಾಸ್ತರು ಒಳಗೆ ಬಂದು ಕುಳಿತರು. ಬೆನ್ನಿಗೆಲ್ಲ ಹುಲ್ಲು. ನಾನು ಚಪಾತಿ ಹಾಕಿದೆ, ಅವರು ತಿಂದರು. ಇನ್ನೊಂದು ಹಾಕಿದೆ, ಅದನ್ನೂ ತಿಂದರು. ಹಲಗೆಯ ಹಿಟ್ಟಿನಲ್ಲಿ ಬರೆದದ್ದನ್ನು ಎಡಗಣ್ಣು ಹತ್ತಿರ ತಂದು ಓದಿದರು. ಆಮೇಲೆ ನನ್ನನ್ನು, ಸಾವಿತ್ರಿಯನ್ನಲ್ಲ, ನನ್ನನ್ನೇ ನೋಡಿ ಕೇಳಿದರು:

“ಅಮ್ಮಾ, ಆ ಭಟ್ಟರು ಯಾವ ಊರು? ಒಂದ್ಸಲ ಅವರನ್ನೂ ನೋಡ್ಬೇಕಲ್ಲ.”

ಮಾಸ್ತರು ಈ ಚಳಿಗಾಲದಲ್ಲಿ ಹೆಗಡೆಕಟ್ಟಾಕ್ಕೆ ಬರುತ್ತಾರೆ. ಆ ದಿನದ ಪಾಯಸದ ಊಟಕ್ಕೆ ಭಟ್ಟರನ್ನೂ ಕರೆದಿದ್ದೇನೆ. ಕರೆದದ್ದು ಯಾಕೆಂದು ಅವರಿಗಿನ್ನೂ ಹೇಳಿಲ್ಲ.